ಓದುಗರ ಪ್ರಶ್ನೆ, ನಮ್ಮ ಉತ್ತರ: ಉದ್ದದ ದೋಣಿ ಜೋರಾಗಿಯೂ ಓಡುತ್ತದಾ?

ಈ ಸಲ ಬಂದ ಪತ್ರಗಳಲ್ಲಿ ಅರ್ಧಕ್ಕರ್ಧ ದೋಣಿಗಳ ಬಗ್ಗೆಯೇ ಇವೆ. ಎಲ್ಲದಕ್ಕೂ ಜಾಗ ಸಾಲದು. ಹಾಗಾಗಿ ಉದ್ದ, ಒಳಜಾಗ, ಸ್ಪೀಡು ಈ ಮೂರರ ಸುತ್ತ ಇರುವ ಪತ್ರಗಳನ್ನು ಮಾತ್ರ ಆರಿಸಿಕೊಂಡಿದ್ದೇನೆ. ಲೈಸೆನ್ಸ್, ವಿಮೆ, ಸಮುದ್ರದಲ್ಲಿ ವಾಂತಿ ಬರುವುದು ಇತ್ಯಾದಿ ಮುಂದಿನ ಸಲಕ್ಕಿರಲಿ.

ಪ್ರಶ್ನೆ: ಸರ್, ನಾವು ಮೂವರು ಗೆಳೆಯರು, ಮೂವರೂ ಬ್ಯಾಂಕಿನಿಂದ ರಿಟೈರ್ ಆದವರು. ಸೇರಿಕೊಂಡು ಒಂದು ಸೆಕೆಂಡ್ ಹ್ಯಾಂಡ್ ಹಾಯಿದೋಣಿ ತಗೊಳ್ಳೋಣ ಅಂತಿದ್ದೇವೆ. ಎರಡು ನೋಡಿಟ್ಟಿದ್ದೇವೆ. ಒಂದು 25 ಅಡಿ, ಇನ್ನೊಂದು 33 ಅಡಿ. ದೊಡ್ಡದರ ಬೆಲೆ ಚಿಕ್ಕದರ ಎರಡೂವರೆ ಪಟ್ಟು. 'ಒಳಗೆ ಜಾಗ ಸ್ವಲ್ಪ ಜಾಸ್ತಿ ಅಷ್ಟೇ, ಆದರೆ ಸ್ಪೀಡು ಒಂದೂವರೆ ಪಟ್ಟು ಸಿಗುತ್ತದೆ' ಅಂತ ಮಾರುವವರು ಹೇಳುತ್ತಾರೆ. ಭಾನುವಾರ ಮುಂಬೈ ಬಂದರಿನ ಆಚೆ ದಡದ ಮಾಂಡ್ವಾಕ್ಕೆ ಹೋಗಿಬರುವುದು, ವರ್ಷಕ್ಕೊಮ್ಮೆ ಆದರೆ ಗೋವಾ. ಇಷ್ಟೇ ನಮ್ಮ ಆಸೆ. ಯಾವುದು ಸರಿ?
– ಡೊಂಬಿವಲಿಯ ಓದುಗರು

ಉತ್ತರ: ಮಾರುವವರು ವಿಷಯವನ್ನು ಪೂರ್ತಿ ತಲೆಕೆಳಗು ಮಾಡಿ ಹೇಳಿದ್ದಾರೆ. ಉದ್ದ ಹೆಚ್ಚಿದರೆ ಸ್ಪೀಡು ಹೆಚ್ಚುವುದು ಸ್ವಲ್ಪ, ಜಾಗ ಹೆಚ್ಚುವುದು ಬಹಳ. ಬೆಲೆ ಏರುವುದು ಜಾಗದ ಲೆಕ್ಕದಲ್ಲಿ. ಯಾಕೆ ಅಂತ ನೋಡೋಣ.

ಮೊದಲು ಸ್ಪೀಡು. ದೋಣಿ ನೀರನ್ನು ಸೀಳಿಕೊಂಡು ಹೋಗುವಾಗ ಮುಂದೆ ಒಂದು ಅಲೆ ಏಳುತ್ತದೆ, ಆ ಅಲೆ ದೋಣಿಯ ಜೊತೆಗೇ ಅದೇ ವೇಗದಲ್ಲಿ ಸಾಗುತ್ತದೆ. ಆಳದ ನೀರಿನಲ್ಲಿ ಅಲೆಗಳಿಗೆ ಒಂದು ಕಟ್ಟುನಿಟ್ಟಿನ ನಿಯಮವಿದೆ. ಜೋರಾಗಿ ಹೋಗುವ ಅಲೆ ಉದ್ದವಾಗಿರಲೇಬೇಕು, ಅಂದರೆ ಒಂದು ನೆತ್ತಿಗೂ ಮುಂದಿನ ನೆತ್ತಿಗೂ ನಡುವಿನ ದೂರ ಹೆಚ್ಚಾಗಲೇಬೇಕು. ದೋಣಿ ನಿಧಾನವಾಗಿ ಹೋಗುವಾಗ ಅದರ ಮೈ ಉದ್ದಕ್ಕೂ ಮೂರ್ನಾಲ್ಕು ಪುಟ್ಟ ನೆತ್ತಿಗಳು ಕಾಣುತ್ತವೆ. ವೇಗ ಹೆಚ್ಚಿಸುತ್ತಾ ಹೋದಂತೆ ನೆತ್ತಿಗಳು ಹಿಂದಕ್ಕೆ ಸರಿಯುತ್ತವೆ. ಒಂದು ಹಂತದಲ್ಲಿ ಒಂದು ನೆತ್ತಿ ಮೂತಿಯ ಹತ್ತಿರ, ಇನ್ನೊಂದು ಹಿಂಬದಿಯ ಹತ್ತಿರ ನಿಲ್ಲುತ್ತದೆ, ದೋಣಿ ನಡುವಿನ ತಗ್ಗಿನಲ್ಲಿ ಕೂತಿರುತ್ತದೆ. ಅದಕ್ಕಿಂತ ಜೋರು ಮಾಡಲು ಹೋದರೆ ಹಿಂದಿನ ನೆತ್ತಿ ದೋಣಿಯನ್ನು ಬಿಟ್ಟು ಹಿಂದೆ ಉಳಿಯುತ್ತದೆ, ಹಿಂಬದಿಗೆ ಆಸರೆ ತಪ್ಪಿ ಅದು ಕುಸಿಯುತ್ತದೆ, ಮೂತಿ ಮೇಲೇಳುತ್ತದೆ. ಈಗ ದೋಣಿ ತಾನೇ ಎಬ್ಬಿಸಿದ ಅಲೆಯನ್ನು ತಾನೇ ಹತ್ತಬೇಕು. ಅಲ್ಲಿಂದ ಮುಂದೆ ನೀವು ಹಾಕುವ ಬಲವೆಲ್ಲ ಅಲೆಯನ್ನು ಇನ್ನಷ್ಟು ದೊಡ್ಡದು ಮಾಡುವುದಕ್ಕೇ ಖರ್ಚಾಗುತ್ತದೆ.

ಈ ಹಂತದ ವೇಗವನ್ನು ಹಲ್ ಸ್ಪೀಡ್ ಅನ್ನುತ್ತಾರೆ. ಲೆಕ್ಕ ಸುಲಭ: ದೋಣಿಯ ಮೈ ನೀರಿಗೆ ತಾಗಿರುವ ಉದ್ದವನ್ನು ಅಡಿಯಲ್ಲಿ ತಗೊಳ್ಳಿ, ಅದರ ವರ್ಗಮೂಲ ಹುಡುಕಿ, 1.34ರಿಂದ ಗುಣಿಸಿ. ಬಂದದ್ದು ನಾಟ್. ಒಂದು ನಾಟ್ ಅಂದರೆ ಗಂಟೆಗೆ ಒಂದು ನಾಟಿಕಲ್ ಮೈಲಿ, ಅಂದರೆ 1.852 ಕಿಲೋಮೀಟರ್. ಇದೇನು ದಾಟಲಾಗದ ಗೋಡೆಯಲ್ಲ, ಆದರೆ ಖರ್ಚು ಕಡಿದಾಗಿ ಏರಲು ಶುರುವಾಗುವ ಜಾಗ ಅದೇ.

ನಿಮ್ಮ 25 ಅಡಿಯ ದೋಣಿಗೆ ನೀರಿಗೆ ತಾಗುವ ಉದ್ದ 21 ಅಡಿ ಅಂತ ಇಟ್ಟುಕೊಳ್ಳೋಣ, 33 ಅಡಿಯದಕ್ಕೆ 28. ಮೊದಲನೆಯದಕ್ಕೆ 6.1 ನಾಟ್ ಬರುತ್ತದೆ, ಎರಡನೆಯದಕ್ಕೆ 7.1. ಒಂದು ನಾಟ್ ವ್ಯತ್ಯಾಸ! ಗೇಟ್‌ವೇಯಿಂದ ಮಾಂಡ್ವಾ ಜೆಟ್ಟಿಗೆ ನೇರ ಗೆರೆಯಲ್ಲಿ ಏಳು ನಾಟಿಕಲ್ ಮೈಲಿ ಚಿಲ್ಲರೆ. ಗಾಳಿ ಪೂರ್ತಿ ಕೈಹಿಡಿದರೂ ದೊಡ್ಡ ದೋಣಿ ಹತ್ತು ನಿಮಿಷ ಮೊದಲು ಮುಟ್ಟುತ್ತದೆ, ಅಷ್ಟೇ. ಮುಂಬೈ ಬಂದರಿನ ಮಧ್ಯಾಹ್ನದ ಗಾಳಿ, ಭರತ-ಇಳಿತದ ಸೆಳೆತ, ಅಡ್ಡ ಬರುವ ಫೆರಿಗಳು, ಇವುಗಳ ಮುಂದೆ ಆ ಹತ್ತು ನಿಮಿಷ ಲೆಕ್ಕಕ್ಕೇ ಬರುವುದಿಲ್ಲ.

ಈಗ ಜಾಗ. ದೋಣಿ ಉದ್ದವಾದಾಗ ಅಗಲವೂ ಆಳವೂ ಹೆಚ್ಚುತ್ತದೆ ಅಲ್ವಾ? ಮೂರೂ ಒಂದೇ ಪ್ರಮಾಣದಲ್ಲಿ ಬೆಳೆದರೆ ಒಳಗಿನ ಗಾತ್ರ ಉದ್ದದ ಘನದ ಲೆಕ್ಕದಲ್ಲಿ ಏರುತ್ತದೆ. 33 ಅಡಿ ಅಂದರೆ 25ರ 1.32 ಪಟ್ಟು. ಅದರ ಘನ 2.3. ಅಂದರೆ ಉದ್ದ ಮೂರನೇ ಒಂದು ಪಾಲು ಹೆಚ್ಚಿದರೆ ಒಳಜಾಗ ಎರಡು ಪಟ್ಟಿಗಿಂತ ಜಾಸ್ತಿ. ನಿಜವಾದ ದೋಣಿಗಳಲ್ಲಿ ಈ ಅಂತರ ಸ್ವಲ್ಪ ಕಮ್ಮಿ, ಯಾಕೆಂದರೆ ಚಿಕ್ಕ ದೋಣಿಗಳನ್ನು ಅವುಗಳ ಉದ್ದಕ್ಕೆ ಹೋಲಿಸಿದರೆ ತುಸು ಅಗಲವಾಗಿ, ಎತ್ತರವಾಗಿಯೇ ಕಟ್ಟುತ್ತಾರೆ. ಆದರೂ ಬಹಳ ದೂರ ಏನಿಲ್ಲ. ಮತ್ತೆ ಇನ್ನೊಂದು ವಿಷಯ, ಇದನ್ನು ಜನ ಮರೆತುಬಿಡುತ್ತಾರೆ: ದೋಣಿ ಬೆಳೆದರೂ ಮನುಷ್ಯ ಬೆಳೆಯುವುದಿಲ್ಲ. 25 ಅಡಿಯದರಲ್ಲಿ ನೀವು ಕ್ಯಾಬಿನ್ ಒಳಗೆ ಬಗ್ಗಿಕೊಂಡೇ ಓಡಾಡಬೇಕು. ಚಹಾ ಕಾಯಿಸುವುದು ಕೂತುಕೊಂಡು, ಪ್ಯಾಂಟ್ ಹಾಕುವುದು ಮಲಗಿಕೊಂಡು. ಶೌಚಕ್ಕೆ ಪ್ರತ್ಯೇಕ ಬಾಗಿಲು ಇದ್ದರೆ ಪುಣ್ಯ. 33ರಲ್ಲಿ ಆರಡಿ ಮನುಷ್ಯ ಸಾಮಾನ್ಯವಾಗಿ ನೇರ ನಿಲ್ಲಬಹುದು, ಬಾಗಿಲಿರುವ ಶೌಚಾಲಯ ಇರುತ್ತದೆ, ಒಲೆ, ಸಿಂಕ್, ನಾಲ್ಕೈದು ಜನಕ್ಕೆ ಮಲಗುವ ಜಾಗ ಎಲ್ಲ ಸೇರುತ್ತದೆ. ಅರವತ್ತು ದಾಟಿದ ಮೂರು ಬೆನ್ನುಗಳಿಗೆ ಇದು ಸಣ್ಣ ವಿಷಯ ಅಂತ ನಾನಂತೂ ಹೇಳಲಾರೆ.

ಆದರೆ ಗಾತ್ರ ಏರಿದ ಹಾಗೇ ತೂಕವೂ ಏರುತ್ತದೆ. ತೂಕಕ್ಕೆ ತಕ್ಕಂತೆ ಹಾಯಿ, ಹಗ್ಗ, ಲಂಗರು, ಇಂಜಿನ್ ಎಲ್ಲ ದೊಡ್ಡದಾಗುತ್ತವೆ. ತಳಕ್ಕೆ ಬಳಿಯುವ ಬಣ್ಣ ಕೂಡ ಮುಕ್ಕಾಲು ಪಾಲು ಜಾಸ್ತಿ ಬೇಕು. ಮಳೆಗಾಲಕ್ಕೆ ಮುಂಚೆ ಮುಂಬೈಯಲ್ಲಿ ಹಾಯಿದೋಣಿಗಳನ್ನು ನೀರಿನಿಂದ ಎತ್ತಿ ದಡದಲ್ಲಿಡಬೇಕಾಗುತ್ತದೆ, ಆಗ ಕ್ರೇನಿನವರಿಗೂ ಜಾಗದವರಿಗೂ ನಿಮ್ಮ ದೋಣಿಯ ಉದ್ದ ಮತ್ತು ತೂಕವೇ ಲೆಕ್ಕ. ಕೊಳ್ಳುವ ಬೆಲೆ ಒಂದು ಸಲದ್ದು, ಇದು ಪ್ರತಿ ವರ್ಷದ್ದು. ಮೂವರಲ್ಲಿ ಒಬ್ಬರು ಇದನ್ನೆಲ್ಲ ಮೊದಲೇ ಕಾಗದದ ಮೇಲೆ ಬರೆದುಕೊಳ್ಳಿ.

ಗೋವಾ ವಿಷಯಕ್ಕೆ ಬಂದರೆ ಮಾತು ಸ್ವಲ್ಪ ಬೇರೆ. ಮುಂಬೈಯಿಂದ ಪಣಜಿಗೆ ಸುಮಾರು 220 ನಾಟಿಕಲ್ ಮೈಲಿ. ಹಗಲು ರಾತ್ರಿ ಹಾಯಿಸಿದರೂ ಸರಾಸರಿ ಎಂದೂ ಹಲ್ ಸ್ಪೀಡ್ ಮುಟ್ಟುವುದಿಲ್ಲ. ಚಿಕ್ಕದಕ್ಕೆ 4.5, ದೊಡ್ಡದಕ್ಕೆ 5.2 ಅಂತ ಹಿಡಿಯೋಣ. 49 ಗಂಟೆಗೆ ಬದಲು 42 ಗಂಟೆ. ಏಳು ಗಂಟೆ ಉಳಿಯಿತು, ಜೊತೆಗೆ ಪಾಳಿ ಮುಗಿಸಿದವರಿಗೆ ಸರಿಯಾಗಿ ಮಲಗುವ ಜಾಗವೂ ಇದೆ. ಇಂಥ ಪ್ರಯಾಣದಲ್ಲಿ ದೊಡ್ಡ ದೋಣಿ ತನ್ನ ದುಡ್ಡು ದುಡಿಯುತ್ತದೆ. ಹಾಗಾಗಿ ನನ್ನ ಲೆಕ್ಕ ಇಷ್ಟು: ಗೋವಾ ಪ್ರಯಾಣ ಬರೀ ಆಸೆಯಾಗಿದ್ದರೆ 25 ತಗೊಳ್ಳಿ, ವರ್ಷಕ್ಕೊಮ್ಮೆ ನಿಜವಾಗಿ ಹೋಗುವವರಾದರೆ, ರಾತ್ರಿ ದೋಣಿಯಲ್ಲೇ ಮಲಗುವವರಾದರೆ 33. ಸ್ಪೀಡಿಗಾಗಿ ಮಾತ್ರ ದೊಡ್ಡದನ್ನು ತಗೊಳ್ಳಬೇಡಿ.

ಪ್ರಶ್ನೆ: ದೋಣಿಯ ಕರಪತ್ರದಲ್ಲಿ ಎರಡು ಉದ್ದ ಕೊಟ್ಟಿರುತ್ತಾರೆ. ಯಾವುದನ್ನು ನಂಬಬೇಕು?
– ಚೆಂಬೂರಿನ ಓದುಗರು

ಉತ್ತರ: ಎರಡೂ ನಿಜವೇ. ಮುಂಬೈಯಲ್ಲಿ ಫ್ಲ್ಯಾಟ್ ತಗೊಂಡವರಿಗೆ ಇದನ್ನು ವಿವರಿಸಬೇಕಾಗಿಯೇ ಇಲ್ಲ: ಸೂಪರ್ ಬಿಲ್ಟ್-ಅಪ್ ಒಂದು, ಕಾರ್ಪೆಟ್ ಏರಿಯಾ ಇನ್ನೊಂದು. ಮೂತಿಯ ತುದಿಯಿಂದ ಹಿಂಬದಿಯ ತುದಿಯವರೆಗಿನದು ಒಟ್ಟು ಉದ್ದ. ನಿಂತ ನೀರಿನಲ್ಲಿ ದೋಣಿಯ ಮೈ ನೀರಿಗೆ ತಾಗಿರುವಷ್ಟು ಮಾತ್ರ ವಾಟರ್‌ಲೈನ್ ಉದ್ದ. ಸ್ಪೀಡಿನ ಸೂತ್ರಕ್ಕೆ ಬೇಕಾದದ್ದು ಎರಡನೆಯದು. ದಡದಲ್ಲಿ ಬಾಡಿಗೆ ವಸೂಲಿ ಮಾಡುವವರು ನೋಡುವುದು ಮೊದಲನೆಯದನ್ನು!

ಒಂದು ಉದಾಹರಣೆ ಕೊಡುತ್ತೇನೆ. ಜೆ-24 ಅನ್ನುವ ರೇಸಿಂಗ್ ದೋಣಿಯ ಒಟ್ಟು ಉದ್ದ 24 ಅಡಿ, ನೀರಿನ ಗೆರೆಯಲ್ಲಿ 20 ಅಡಿ. ರಸ್ಲರ್-36 ಅನ್ನುವ ದೂರಪ್ರಯಾಣದ ದೋಣಿಯ ಒಟ್ಟು ಉದ್ದ 35 ಅಡಿ ಚಿಲ್ಲರೆ, ನೀರಿನ ಗೆರೆಯಲ್ಲಿ ಸುಮಾರು 27 ಅಡಿ. ಮೂತಿ, ಹಿಂಬದಿ ಎರಡೂ ನೀರಿನ ಮೇಲೆ ಚಾಚಿಕೊಂಡಿವೆ. ಹಾಗಾಗಿ ಒಟ್ಟು ಉದ್ದದಲ್ಲಿ 11 ಅಡಿಯ ಅಂತರ ಇದ್ದರೂ ಹಲ್ ಸ್ಪೀಡ್ ಅಂತರ ಬರೀ ಒಂದು ನಾಟ್: ಒಂದಕ್ಕೆ 6, ಇನ್ನೊಂದಕ್ಕೆ 7. ಈಗ ತೂಕ ನೋಡಿ. ಜೆ-24 ಒಂದೂವರೆ ಟನ್ನಿಗಿಂತ ಕಮ್ಮಿ, ರಸ್ಲರ್ ಏಳೂವರೆ ಟನ್ನು. ಆ ಹೆಚ್ಚಿನ ಆರು ಟನ್ನಿನಲ್ಲಿ ಒಲೆ, ಹಾಸಿಗೆ, ನೀರಿನ ಟ್ಯಾಂಕು, ತಿಂಗಳುಗಟ್ಟಲೆ ದಿನಸಿ ಹಿಡಿಸುವ ಹೊಟ್ಟೆ, ಅದನ್ನೆಲ್ಲ ಹೊತ್ತೂ ಮಗುಚದಿರಲು ಕೆಳಗೊಂದು ಭಾರದ ಕೀಲ್, ಎಲ್ಲ ಬಂತು. ನಮ್ಮ ನೌಕಾಪಡೆಯಲ್ಲಿದ್ದ ಅಭಿಲಾಷ್ ಟೋಮಿ 2022ರ ಗೋಲ್ಡನ್ ಗ್ಲೋಬ್ ರೇಸಿನಲ್ಲಿ ಇಂಥದ್ದೇ ರಸ್ಲರ್-36ರಲ್ಲಿ ಒಬ್ಬರೇ ಜಗತ್ತು ಸುತ್ತಿ ಎರಡನೆಯವರಾಗಿ ಬಂದರು. ಆ ರೇಸಿನ ನಿಯಮದಲ್ಲಿ ದೋಣಿಯ ಉದ್ದ 32ರಿಂದ 36 ಅಡಿಯೊಳಗೇ ಇರಬೇಕು. ಉದ್ದವನ್ನು ಬಿಗಿಹಿಡಿದರೆ ಸ್ಪೀಡೂ ತಾನೇ ಒಂದು ಮಿತಿಯೊಳಗೆ ಬರುತ್ತದೆ.

ಹಳೆಯ ಕಾಲದ ಚೆಂದದ ದೋಣಿಗಳಲ್ಲಿ ಮೂತಿ, ಹಿಂಬದಿ ಎರಡೂ ಉದ್ದಕ್ಕೆ ಚಾಚಿರುತ್ತಿದ್ದವು. ಆಗಿನ ರೇಸಿನ ನಿಯಮಗಳಲ್ಲಿ ನೀರಿನ ಗೆರೆಯನ್ನು ಅಳೆಯುತ್ತಿದ್ದರು, ಅದಕ್ಕೇ ವಿನ್ಯಾಸ ಮಾಡುವವರು ಒಂದು ಉಪಾಯ ಹೂಡಿದರು. ನಿಂತಾಗ ಗೆರೆ ಚಿಕ್ಕದು, ಗಾಳಿಗೆ ದೋಣಿ ವಾಲಿದ ಕೂಡಲೇ ಆ ಚಾಚು ನೀರಿಗಿಳಿದು ಗೆರೆ ಉದ್ದವಾಗುತ್ತದೆ! ಈಗಿನ ದೋಣಿಗಳ ಮೂತಿ ನೆಟ್ಟಗೆ ನೀರಿಗಿಳಿಯುತ್ತದೆ. ನೋಡಲು ಅಷ್ಟು ಅಂದ ಇಲ್ಲ, ನನ್ನ ಕಣ್ಣಿಗಂತೂ ಇಲ್ಲ. ಆದರೆ ಕೊಟ್ಟ ದುಡ್ಡಿಗೆ ಉದ್ದವೂ ಸಿಗುತ್ತದೆ, ಮುಂದಿನ ಕ್ಯಾಬಿನ್ನಿನಲ್ಲಿ ಕಾಲು ಚಾಚಲು ಜಾಗವೂ ಸಿಗುತ್ತದೆ.

ಪ್ರಶ್ನೆ: ನಾನು ಪುಣೆಯಲ್ಲಿ ಇಂಜಿನಿಯರಿಂಗ್ ಓದುತ್ತಿದ್ದೇನೆ, ಕಾಲೇಜಿನ ಬೋಟ್ ಕ್ಲಬ್ಬಿನಲ್ಲಿ ರೋಯಿಂಗ್ ಮಾಡುತ್ತೇನೆ. ಹಲ್ ಸ್ಪೀಡ್ ಸೂತ್ರ ಹಾಕಿ ನೋಡಿದರೆ ಒಬ್ಬರೇ ಹುಟ್ಟು ಹಾಕುವ ದೋಣಿಗೆ 7 ನಾಟ್ ಬರುತ್ತದೆ. ಆದರೆ ಒಳ್ಳೆಯ ರೋಯರ್‌ಗಳು ಅದಕ್ಕಿಂತ ಎಷ್ಟೋ ಜೋರು ಹೋಗುತ್ತಾರೆ. ಸೂತ್ರವೇ ತಪ್ಪಾ ಸರ್?
– ಪುಣೆಯ ವಿದ್ಯಾರ್ಥಿನಿ

ಉತ್ತರ: ಭೇಷ್! ಲೆಕ್ಕ ಹಾಕಿ ನೋಡಿ ಜಗಳಕ್ಕೆ ಬಂದಿದ್ದೀರಿ, ಇಂಥ ಪತ್ರ ಬಂದರೆ ಅಂಕಣ ಬರೆಯುವವರಿಗೆ ಹಬ್ಬ.

ಸೂತ್ರ ತಪ್ಪಿಲ್ಲ, ನಿಮ್ಮ ದೋಣಿ ಸೂತ್ರದ ಕೈಗೆ ಸಿಗುವುದಿಲ್ಲ. ಲೆಕ್ಕ ಮುಂದುವರಿಸೋಣ. ಜಗತ್ತಿನ ಅಗ್ರ ಪುರುಷ ರೋಯರ್‌ಗಳು ಸಿಂಗಲ್ ಸ್ಕಲ್‌ನಲ್ಲಿ, ಅಂದರೆ ನಿಮ್ಮ ಒಬ್ಬರೇ ಹುಟ್ಟು ಹಾಕುವ ದೋಣಿಯಲ್ಲಿ, 2000 ಮೀಟರನ್ನು ಆರೂವರೆ ನಿಮಿಷದ ಆಸುಪಾಸಿನಲ್ಲಿ ಮುಗಿಸುತ್ತಾರೆ. ಅದು ಸುಮಾರು 10 ನಾಟ್. ಸೂತ್ರದ 7ಕ್ಕಿಂತ ಬಹಳ ಮೇಲೆ. ಕಾರಣ ಅಗಲ. ದೋಣಿಯ ಉದ್ದ 8 ಮೀಟರ್, ನೀರಿನಲ್ಲಿ ಅದರ ಅಗಲ ಒಂದು ಅಡಿಯಷ್ಟೂ ಇಲ್ಲ. ಅಷ್ಟು ಸಪೂರದ ಮೈ ನೀರನ್ನು ಬದಿಗೆ ತಳ್ಳುವುದೇ ಕಮ್ಮಿ, ಅದು ಎಬ್ಬಿಸುವ ಅಲೆಯೂ ಪುಟ್ಟದು. ಹತ್ತಲು ದಿಬ್ಬವೇ ಇಲ್ಲದಿದ್ದರೆ ತಡೆಯುವವರು ಯಾರು? ಅಲ್ಲಿ ಬಲದ ದೊಡ್ಡ ಪಾಲು ಮೈಗೂ ನೀರಿಗೂ ನಡುವಿನ ತಿಕ್ಕಾಟಕ್ಕೇ ಹೋಗುತ್ತದೆ. 1.34 ಅನ್ನುವ ಅಂಕಿ ಹೊಟ್ಟೆ ಇರುವ ಭಾರದ ದೋಣಿಗಳಿಗೆ ಚೆನ್ನಾಗಿ ಹೊಂದುತ್ತದೆ.

ಎಂಟು ಜನರ ದೋಣಿ ನೋಡಿ. ಉದ್ದ 17-18 ಮೀಟರ್, ಅಂದರೆ ಎರಡು ಪಟ್ಟಿಗಿಂತ ಜಾಸ್ತಿ. ಹುಟ್ಟು ಹಾಕುವವರು ಎಂಟು ಪಟ್ಟು. ಅಗ್ರ ತಂಡಗಳ ಸಮಯ ಐದು ನಿಮಿಷ ಇಪ್ಪತ್ತು ಸೆಕೆಂಡಿನ ಆಸುಪಾಸು, ಸುಮಾರು 12 ನಾಟ್. ಎಂಟು ಪಟ್ಟು ಜನ ಸೇರಿದರೂ ವೇಗ ಹೆಚ್ಚಿದ್ದು ಐದನೇ ಒಂದು ಪಾಲು! ನೀರಿನಲ್ಲಿ ವೇಗ ಎಷ್ಟು ದುಬಾರಿ ಅಂತ ಇದರಿಂದಲೇ ತಿಳಿಯುತ್ತದೆ. ಮತ್ತೆ ಒಳಜಾಗ? ನೀರಿನ ಬಾಟಲಿ ಇಡಲು ಜಾಗ ಹುಡುಕಬೇಕು. ವೇಗಕ್ಕಾಗಿ ಜಾಗವನ್ನು ಪೂರ್ತಿ ಬಿಟ್ಟುಕೊಟ್ಟ ದೋಣಿ ಇದು. ಎರಡು ಸಪೂರ ಮೈಗಳನ್ನು ದೂರದೂರ ಇಟ್ಟು ಮೇಲೆ ಸೇತುವೆ ಹಾಕಿದರೆ ಕ್ಯಾಟಮರಾನ್ ಆಗುತ್ತದೆ. ಗೇಟ್‌ವೇಯಿಂದ ಮಾಂಡ್ವಾಕ್ಕೆ ಹೋಗುವ ಬೋಟುಗಳಲ್ಲಿ ಇಂಥವನ್ನು ನೋಡಿರುತ್ತೀರಿ. ಸಪೂರ ಮೈಯ ವೇಗ ಕೆಳಗೆ, ಕೂರುವ ಜಾಗ ಮೇಲೆ.

ಅಲೆಗೆ ಹೋಗುವ ಬಲ ಬೇರೆ, ತಿಕ್ಕಾಟಕ್ಕೆ ಹೋಗುವ ಬಲ ಬೇರೆ ಅಂತ ಬಿಡಿಸಿ ಅಳೆಯುವ ದಾರಿ ತೋರಿಸಿದವರು ಇಂಗ್ಲೆಂಡಿನ ವಿಲಿಯಂ ಫ್ರೌಡ್. 1870ರ ದಶಕದ ಶುರುವಿನಲ್ಲಿ ಟಾರ್ಕೀ ಊರಿನಲ್ಲಿ ಉದ್ದನೆಯ ತೊಟ್ಟಿ ಕಟ್ಟಿಸಿ, ಅದರಲ್ಲಿ ಹಡಗುಗಳ ಮಾದರಿಗಳನ್ನು ಎಳೆಸಿ ನೋಡಿದರು. ಹಡಗಿನ ಹದಿನಾರನೇ ಒಂದು ಪಾಲು ಉದ್ದದ ಮಾದರಿಯನ್ನು ನಾಲ್ಕನೇ ಒಂದು ಪಾಲು ವೇಗದಲ್ಲಿ ಎಳೆದರೆ ಅಲೆಗಳ ನಮೂನೆ ಎರಡರಲ್ಲೂ ಒಂದೇ ಥರ ಕಾಣುತ್ತದೆ. ಅದೇ ವರ್ಗಮೂಲ ಮತ್ತೆ ಬಂತು ನೋಡಿ. ನಿಮ್ಮ ಪಕ್ಕದಲ್ಲೇ ಖಡಕ್‌ವಾಸ್ಲಾದಲ್ಲಿ ಕೇಂದ್ರ ಜಲ ಮತ್ತು ವಿದ್ಯುತ್ ಸಂಶೋಧನಾ ಕೇಂದ್ರವಿದೆ, 1916ರಲ್ಲಿ ಶುರುವಾದದ್ದು. ಅಲ್ಲಿ ಬಂದರುಗಳ ಪುಟ್ಟ ಮಾದರಿ ಕಟ್ಟಿ ಅಲೆ ಬಿಟ್ಟು ಪರೀಕ್ಷಿಸುವುದೂ ಇದೇ ಫ್ರೌಡ್ ಲೆಕ್ಕದ ಮೇಲೆ. ಕಾಲೇಜಿನಿಂದ ಒಂದು ಭೇಟಿ ಏರ್ಪಡಿಸಲು ಸಾಧ್ಯವಾ ಅಂತ ನಿಮ್ಮ ಪ್ರೊಫೆಸರ್ ಹತ್ತಿರ ಕೇಳಿ.

ಪ್ರಶ್ನೆ: ಹಾಗಾದರೆ 20 ಅಡಿಯ ಸ್ಪೀಡ್ ಬೋಟು ದೊಡ್ಡ ಫೆರಿಯನ್ನು ಹಿಂದೆ ಹಾಕಿ ಹೋಗುವುದು ಹೇಗೆ?
– ಠಾಣೆಯ ಓದುಗರು

ಉತ್ತರ: ಅದು ನೀರಿನ ಒಳಗೆ ಹೋಗುವುದನ್ನು ಬಿಟ್ಟು ಮೇಲೆ ಜಾರುತ್ತದೆ. ಚಪ್ಪಟೆ ತಳ, ಕಮ್ಮಿ ತೂಕ, ಜೋರಾದ ಇಂಜಿನ್ ಮೂರೂ ಸೇರಿದರೆ ದೋಣಿ ತನ್ನ ಅಲೆಯನ್ನು ಹತ್ತಿ ದಾಟಿ ಅದರ ಮೇಲೆ ಕೂರುತ್ತದೆ. ಇದಕ್ಕೆ ಪ್ಲೇನಿಂಗ್ ಅನ್ನುತ್ತಾರೆ. ಇಲ್ಲಿ ಉದ್ದಕ್ಕಿಂತ ತೂಕಕ್ಕೂ ಅಶ್ವಶಕ್ತಿಗೂ ಇರುವ ಲೆಕ್ಕವೇ ಮುಖ್ಯ. ಅದೇ ಸ್ಪೀಡ್ ಬೋಟಿಗೆ ಹಾಸಿಗೆ, ಅಡುಗೆಮನೆ, ಹತ್ತು ಜನ ನೆಂಟರನ್ನು ತುಂಬಿ ನೋಡಿ, ಮೂತಿ ಎತ್ತಿಕೊಂಡು ಪೆಟ್ರೋಲ್ ಕುಡಿಯುತ್ತಾ ಒದ್ದಾಡುತ್ತದೆ.

ಪ್ರಶ್ನೆ: ಸ್ವಾಮಿ, ನಮ್ಮದು ಮಲ್ಪೆ ಕಡೆ. ನಾನು ಸಸೂನ್ ಡಾಕಿನಲ್ಲಿ ಮೀನಿನ ವ್ಯಾಪಾರ ಮಾಡುತ್ತೇನೆ. ಊರಲ್ಲಿ ನಮ್ಮ ಭಾವನವರು ಟ್ರಾಲ್ ಬೋಟಿಗೆ ದೊಡ್ಡ ಇಂಜಿನ್ ಹಾಕಿಸಿದರು. ಡೀಸೆಲ್ ಖರ್ಚು ಸಿಕ್ಕಾಪಟ್ಟೆ ಏರಿತು, ಸ್ಪೀಡು ಒಂದು ನಾಟೂ ಏರಲಿಲ್ಲ. ಇಂಜಿನ್ನಿನವರು ಮೋಸ ಮಾಡಿದರಾ? ಬೋಟೇ ಉದ್ದ ಮಾಡಿಸಿದರೆ ಸರಿಹೋಗುತ್ತದಾ?
– ಕೊಲಾಬಾದ ಓದುಗರು

ಉತ್ತರ: ಇಂಜಿನ್ನಿನವರನ್ನು ಬೈಯುವ ಮುಂಚೆ ನೀರನ್ನು ಸ್ವಲ್ಪ ನೋಡಿ. ನೀರಿನ ಗೆರೆಯಲ್ಲಿ 50 ಅಡಿ ಇರುವ ಬೋಟಿಗೆ ಸೂತ್ರ ಕೊಡುವುದು 9.5 ನಾಟ್. ಟ್ರಾಲ್ ಬೋಟಿನ ಮೈ ದಪ್ಪ, ತೂಕ ಜಾಸ್ತಿ, ಹಾಗಾಗಿ ಅದಕ್ಕೂ ಮುಂಚೆಯೇ ಅಲೆ ಹತ್ತುವ ಕಷ್ಟ ಶುರುವಾಗುತ್ತದೆ. ಅಲ್ಲಿ ತಲುಪಿದ ಮೇಲೆ ಇಂಜಿನ್ ದುಪ್ಪಟ್ಟು ಮಾಡಿದರೂ ಸಿಗುವುದು ಹಿಂಬದಿಯಲ್ಲಿ ಏಳುವ ದೊಡ್ಡ ಅಲೆ. ಡೀಸೆಲ್ ಸುಟ್ಟದ್ದು ಆ ಅಲೆಗೇ. ಉಲ್ಟಾ ಲೆಕ್ಕವೂ ನಿಜ: ತುದಿಯ ವೇಗದಿಂದ ಒಂದು ನಾಟ್ ಇಳಿಸಿದರೆ ಡೀಸೆಲ್ ಉಳಿತಾಯ ಕಣ್ಣಿಗೆ ಕಾಣುವಷ್ಟು ಇರುತ್ತದೆ. ಮೀನು ಹಿಡಿಯುವ ಜಾಗಕ್ಕೆ ಹೋಗಿಬರುವಾಗ ಭಾವನವರು ಇದನ್ನು ಮಾಡಿ ನೋಡಲಿ, ಖರ್ಚೇನೂ ಇಲ್ಲ.

ದೊಡ್ಡ ಇಂಜಿನ್ ಪೂರ್ತಿ ದಂಡ ಅಂತಲೂ ಅಲ್ಲ. ಬಲೆ ಎಳೆಯುವಾಗ ಬೋಟು ಹೋಗುವುದು ಎರಡರಿಂದ ನಾಲ್ಕು ನಾಟ್. ಅಲ್ಲಿ ಬೇಕಾದದ್ದು ಎಳೆಯುವ ಬಲ. ದೊಡ್ಡ ಬಲೆ ಹಾಕುವವರಿಗೆ ಇಂಜಿನ್ ಕೆಲಸಕ್ಕೆ ಬಂದೇ ಬರುತ್ತದೆ.

ಇನ್ನು ಉದ್ದ ಮಾಡಿಸುವುದು. 50ರಿಂದ 60 ಅಡಿಗೆ ಹೋದರೆ 9.5 ಇದ್ದದ್ದು 10.4 ಆಗುತ್ತದೆ. ಅಷ್ಟಕ್ಕಾಗಿ ಯಾರೂ ಬೋಟು ಉದ್ದ ಮಾಡಿಸುವುದಿಲ್ಲ. ಬೋಟುಗಳು ದೊಡ್ಡದಾಗುವುದು ಹೊಟ್ಟೆಗಾಗಿ: ಹೆಚ್ಚು ಐಸು, ಹೆಚ್ಚು ಡೀಸೆಲ್, ಹೆಚ್ಚು ಮೀನು, ಹೆಚ್ಚು ದಿನ. ಇದರಲ್ಲಿ ಒಂದು ಚೆಂದದ ಲಾಭವೂ ಇದೆ. ಮೀನಿನ ಹೋಲ್ಡಿನ, ಅಂದರೆ ಬೋಟಿನೊಳಗೆ ಮೀನು ತುಂಬುವ ಕೋಣೆಯ, ಮೂರೂ ಅಳತೆ ದುಪ್ಪಟ್ಟಾದರೆ ಹಿಡಿಸುವ ಐಸು ಎಂಟು ಪಟ್ಟು, ಬಿಸಿ ಒಳಗೆ ಬರುವ ಗೋಡೆ ಮಾತ್ರ ನಾಲ್ಕು ಪಟ್ಟು. ಹಾಗಾಗಿ ದೊಡ್ಡ ಹೋಲ್ಡಿನಲ್ಲಿ ಐಸು ತನ್ನಷ್ಟಕ್ಕೇ ಹೆಚ್ಚು ದಿನ ಬಾಳುತ್ತದೆ. ಆದರೆ ಇದ್ದ ಬೋಟನ್ನು ನಡುವೆ ಕತ್ತರಿಸಿ ಉದ್ದ ಮಾಡಿಸುವುದು ಸುಮ್ನೆ ವೆಲ್ಡಿಂಗ್ ಕೆಲಸ ಅಲ್ಲ. ಭಾರ ಎಲ್ಲಿ ಕೂರುತ್ತದೆ, ಬೋಟು ವಾಲಿದರೆ ಎದ್ದು ನಿಲ್ಲುತ್ತದಾ ಅಂತ ನೇವಲ್ ಆರ್ಕಿಟೆಕ್ಟ್ ಒಬ್ಬರು ಲೆಕ್ಕ ಹಾಕಿ ಕೊಡದೆ ಕೈ ಹಾಕಬೇಡಿ. ಇದರಲ್ಲಿ ಜೀವದ ಪ್ರಶ್ನೆ ಇದೆ.

ಪ್ರಶ್ನೆ: ಗೋವಾದ ದಿವಾರ್‌ನಲ್ಲಿ ಕಟ್ಟಿದ ನೌಕಾಪಡೆಯ ಹಾಯಿದೋಣಿ 'ಮಾದೇಯಿ' 56 ಅಡಿ ಅಂತ ಕೇಳಿದೆ. ಒಬ್ಬರೇ ಜಗತ್ತು ಸುತ್ತುವುದಕ್ಕೆ ಅಷ್ಟು ದೊಡ್ಡ ದೋಣಿ ಯಾಕೆ ಬೇಕಿತ್ತು?
– ವಾಸ್ಕೋದ ಓದುಗರು

ಉತ್ತರ: ಬೇಕೇ ಬೇಕು ಅಂತೇನಿಲ್ಲ. ಅದಕ್ಕೆ ಸಾಕ್ಷಿ ಮುಂಬೈಯಲ್ಲೇ ಹುಟ್ಟಿದ 'ಸುಹೈಲಿ'. 32 ಅಡಿಯ ತೇಗದ ದೋಣಿ, 1964ರಲ್ಲಿ ಮುಂಬೈಯಲ್ಲಿ ನೀರಿಗಿಳಿಯಿತು. ಅದರಲ್ಲೇ ರಾಬಿನ್ ನಾಕ್ಸ್-ಜಾನ್‌ಸ್ಟನ್ 1968ರ ಜೂನ್ 14ಕ್ಕೆ ಇಂಗ್ಲೆಂಡಿನಿಂದ ಹೊರಟು, 1969ರ ಏಪ್ರಿಲ್ 22ಕ್ಕೆ ವಾಪಸು ಬಂದರು. ಒಬ್ಬರೇ, ಎಲ್ಲೂ ನಿಲ್ಲದೆ ಜಗತ್ತು ಸುತ್ತಿದ ಮೊದಲಿಗರು. 312 ದಿನ, ಸುಮಾರು 30 ಸಾವಿರ ನಾಟಿಕಲ್ ಮೈಲಿ, ಅಂದರೆ ಸರಾಸರಿ 4 ನಾಟ್. ನಡೆದು ಹೋಗುವವರಿಗಿಂತ ಸ್ವಲ್ಪ ಜೋರು!

ಮಾದೇಯಿಯಲ್ಲಿ ಅಭಿಲಾಷ್ ಟೋಮಿ 2012ರ ನವೆಂಬರ್ 1ಕ್ಕೆ ಮುಂಬೈಯಿಂದ ಹೊರಟು 2013ರ ಮಾರ್ಚ್ 31ಕ್ಕೆ ಬಂದರು, ಅವರೂ ಒಬ್ಬರೇ, ಅವರೂ ಎಲ್ಲೂ ನಿಲ್ಲದೆ. ಸುಮಾರು 23 ಸಾವಿರ ನಾಟಿಕಲ್ ಮೈಲಿ, ಸರಾಸರಿ 6 ನಾಟಿಗಿಂತ ಮೇಲೆ. ದಾರಿ ಬೇರೆ, ಕಾಲ ಬೇರೆ, ಹಾಗಾಗಿ ಪಕ್ಕಾ ಹೋಲಿಕೆ ಅಲ್ಲ. ಆದರೂ ಲೆಕ್ಕ ಹಾಕುವ ಚಪಲ ಬಿಡುವುದಿಲ್ಲ. 56ನ್ನು 32ರಿಂದ ಭಾಗಿಸಿದರೆ 1.75, ಅದರ ವರ್ಗಮೂಲ 1.32. ಬರೀ ಉದ್ದದ ಲೆಕ್ಕದಲ್ಲಿ 4 ನಾಟ್ 5.3 ಆಗಬೇಕಿತ್ತು. ಅದಕ್ಕಿಂತ ಮೇಲಿನದು ಹೊಸ ವಿನ್ಯಾಸ, ಹೊಸ ಹಾಯಿ, ಹವಾಮಾನದ ಮಾಹಿತಿ, ಮತ್ತೆ ಮನುಷ್ಯ. ಒಳಗಿನ ಗಾತ್ರ ಮಾತ್ರ ಘನದ ಲೆಕ್ಕದಲ್ಲಿ ಐದು ಪಟ್ಟಿನ ಮೇಲೆ ಹೋಗುತ್ತದೆ. ಐದು ತಿಂಗಳ ಊಟ, ನೀರು, ಬಿಡಿಭಾಗ, ಡೀಸೆಲ್ ಇಟ್ಟೂ ಓಡಾಡಲು ಜಾಗ.

ಇನ್ನೊಂದು ಕಾರಣ ಸ್ಥಿರತೆ. ದೋಣಿ ದೊಡ್ಡದಾದಂತೆ ಗಾಳಿ ವಾಲಿಸುವ ಬಲ ಉದ್ದದ ಘನದ ಲೆಕ್ಕದಲ್ಲಿ ಹೆಚ್ಚುತ್ತದೆ, ಎದ್ದು ನಿಲ್ಲುವ ಬಲ ನಾಲ್ಕನೇ ಘಾತದ ಲೆಕ್ಕದಲ್ಲಿ ಹೆಚ್ಚುತ್ತದೆ. ಅದಕ್ಕೇ ದಕ್ಷಿಣ ಸಾಗರದ ಗಾಳಿಯಲ್ಲಿ ದೊಡ್ಡ ದೋಣಿ ಹೆಚ್ಚು ಹಾಯಿ ಹೊತ್ತು ನಿಲ್ಲಬಲ್ಲದು. ಆದರೆ ದೊಡ್ಡ ಹಾಯಿಯನ್ನು ರಾತ್ರಿ ಹೊತ್ತಿನಲ್ಲಿ, ಬಿರುಗಾಳಿಯಲ್ಲಿ, ಒಂಟಿಯಾಗಿ ಇಳಿಸುವುದು ಒಂದು ದೇಹದ ಶಕ್ತಿಗೆ ಬಿಟ್ಟದ್ದು. ಒಂಟಿ ನಾವಿಕರ ಮಟ್ಟಿಗೆ ಉದ್ದಕ್ಕೆ ಮಿತಿ ಬೀಳುವುದು ಅಲ್ಲೇ. ಇದೇ ಅಳತೆಯ 'ತಾರಿಣಿ' ಕೂಡ ಗೋವಾದಲ್ಲೇ ಕಟ್ಟಿದ್ದು. ಅದರಲ್ಲಿ 2017-18ರಲ್ಲಿ ನೌಕಾಪಡೆಯ ಆರು ಮಹಿಳಾ ಅಧಿಕಾರಿಗಳು ಜಗತ್ತು ಸುತ್ತಿದರು. ಆರು ಜನ ತಿಂಗಳುಗಟ್ಟಲೆ ಇದ್ದಾಗ 56 ಅಡಿ ಜಾಸ್ತಿ ಅಂತ ಅನ್ನಿಸಿರಲಾರದು.

ಪ್ರಶ್ನೆ: ಪಣಜಿಯಲ್ಲಿದ್ದೇವೆ. ಮಗನಿಗೆ ಹತ್ತು ವರ್ಷ, ಹಾಯಿದೋಣಿ ಕಲಿಯಬೇಕಂತೆ. ಕೋಚ್ ಎಂಟು ಅಡಿಯೂ ಇಲ್ಲದ ಪುಟ್ಟ ಪೆಟ್ಟಿಗೆಯಂಥದ್ದನ್ನು ತೋರಿಸಿದರು. ಸ್ವಲ್ಪ ಉದ್ದದ್ದು ಕೊಡಿ, ಜೋರಾಗಿ ಹೋಗಲಿ ಅಂದರೆ ನಕ್ಕರು.
– ಪಣಜಿಯ ತಾಯಿ

ಉತ್ತರ: ಅಮ್ಮಾ, ಕೋಚ್ ಹೇಳಿದ್ದೇ ಸರಿ, ನಗದೆ ಹೇಳಬಹುದಿತ್ತು. ಅದರ ಹೆಸರು ಆಪ್ಟಿಮಿಸ್ಟ್. 1947ರಲ್ಲಿ ಅಮೆರಿಕದ ಫ್ಲೋರಿಡಾದಲ್ಲಿ ಕ್ಲಾರ್ಕ್ ಮಿಲ್ಸ್ ಮಕ್ಕಳಿಗಾಗಿಯೇ ಮಾಡಿದ ವಿನ್ಯಾಸ. ಉದ್ದ 2.36 ಮೀಟರ್, ಖಾಲಿ ಮೈ ತೂಕ 35 ಕಿಲೋ. ಸೂತ್ರದ ಪ್ರಕಾರ ಮೂರೂವರೆ ನಾಟ್ ಚಿಲ್ಲರೆ, ಹತ್ತು ವರ್ಷದ ಹುಡುಗನಿಗೆ ನೀರಿನ ಅಷ್ಟು ಹತ್ತಿರ ಕೂತಾಗ ಅದೇ ಜೋರು ಅನ್ನಿಸುತ್ತದೆ. ಮಗುಚಿದರೆ ಮಗುವೇ ಎತ್ತಿ ನಿಲ್ಲಿಸಿ ನೀರು ತೋಡಿ ಮತ್ತೆ ಹತ್ತಬಹುದು. 14 ಅಡಿಯ ದೋಣಿ ಮಗುಚಿದರೆ ಅವನ ತೂಕಕ್ಕೆ ಅದು ಏಳುವುದೇ ಇಲ್ಲ. ಈ ದೋಣಿಯ ರೇಸುಗಳು 15 ವರ್ಷದವರೆಗಿನ ಮಕ್ಕಳಿಗೆ. ಆಮೇಲೆ ಕಾಲು ಮಡಚಿ ಕೂರುವುದೇ ಕಷ್ಟವಾಗುತ್ತದೆ, ಆಗ ಲೇಸರ್ ಅನ್ನುವ 4.2 ಮೀಟರಿನದಕ್ಕೆ ಬದಲಾಯಿಸಬಹುದು. ಸದ್ಯಕ್ಕೆ ದೋಣಿ ಕೊಳ್ಳಲು ಹೋಗಬೇಡಿ, ಒಂದು ಸೀಸನ್ ಕ್ಲಬ್ಬಿನದರಲ್ಲೇ ಕಲಿಯಲಿ. ಲೈಫ್ ಜಾಕೆಟ್ ಮಾತ್ರ ಅವನ ಮೈಗೆ ಸರಿಯಾದದ್ದನ್ನೇ ಕೊಡಿಸಿ. 'ಬೆಳೆಯುತ್ತಾನಲ್ಲ' ಅಂತ ಒಂದು ಸೈಜ್ ದೊಡ್ಡದು ತಗೊಂಡರೆ ನೀರಿಗೆ ಬಿದ್ದಾಗ ಅದು ತಲೆ ಮೇಲಿಂದ ಜಾರಿಹೋಗುತ್ತದೆ.